ಚಲುವರಾಜು ಮೇಷ್ಟ್ರ ಹಕಾರಪರ್ವ

"ಇನ್ಮೇಲೆ ಈ ಕೈ ಸೀಮೆಸುಣ್ಣ ಮುಟ್ಟಾಕಿಲ್ಲ ಕಣೆ!" ಎಂದು ಚಲುವರಾಜು ಮೇಷ್ಟ್ರು ಮದ್ದೂರಿನ ತಮ್ಮ ಮನೆಯ ಅಡುಗೆಕೋಣೆ ಬಾಗಿಲಲ್ಲಿ ನಿಂತು ಘೋಷಿಸಿದಾಗ, ಹೆಂಡತಿ ಗಗನ ಒಗ್ಗರಣೆಯಿಂದ ತಲೆಯೆತ್ತಲಿಲ್ಲ.

"ಅಂಗಾರೆ ಪಾತ್ರೆನಾದ್ರೂ ಮುಟ್ಲಿ ಬುಡಿ, ಸಿಂಕ್ ತುಂಬೋಗದೆ."

ಇಂಥ ಕ್ಷುಲ್ಲಕ ಮಾತಿಗೆ ಕುಗ್ಗುವ ಜೀವವಲ್ಲ ಅದು. ಮೇಷ್ಟ್ರು ಮಳವಳ್ಳಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವರು. ಸೋಮವಾರ ಪರಿವೀಕ್ಷಕರು ಬಂದು ಅವರ ಪಾಠ ನೋಡುವವರಿದ್ದರು. ಮೆಚ್ಚಿಕೊಂಡರೆ ಮಂಡ್ಯದಲ್ಲಿ, ಜಿಲ್ಲೆಯ ಅಷ್ಟೂ ಮೇಷ್ಟ್ರುಗಳ ಮುಂದೆ, ಹೊಸ ತಂತ್ರಜ್ಞಾನದ ಪ್ರಾತ್ಯಕ್ಷಿಕೆ ಕೊಡುವ ಭಾಗ್ಯ! ಅದಕ್ಕೆಂದೇ ಲ್ಯಾಪ್‌ಟಾಪಿಗೆ ಹೊಸ ತಂತ್ರಾಂಶವೊಂದನ್ನು ಹಾಕಿಕೊಂಡಿದ್ದರು. ಅಂಗೈ ಬೀಸಿದರೆ ಮುಂದಿನ ಚಿತ್ರ. ತೋಳು ಅಗಲಿಸಿದರೆ ಚಿತ್ರ ದೊಡ್ಡದು. ಮುಷ್ಟಿ ಹಿಡಿದರೆ ನಿಲುಗಡೆ. ಇನ್ನು ಬಾಯಲ್ಲಿ ಕೇಳಿದ್ದು ತನ್ನ ಬಳಿ ಇಲ್ಲದಿದ್ದರೆ, ಇಂಟರ್‌ನೆಟ್ಟಿನಿಂದಲಾದರೂ ಎಳೆದು ತಂದು, ಪ್ರೊಜೆಕ್ಟರ್ ಮೂಲಕ ಗೋಡೆಯ ಮೇಲೆ ಕೂರಿಸುವಷ್ಟು ಉತ್ಸಾಹ ಅದಕ್ಕೆ.

ಪಾಠ ಹೃದಯದ್ದು. ಮೇಷ್ಟ್ರು ಹಜಾರದಲ್ಲಿ ಎದೆಯುಬ್ಬಿಸಿ ನಿಂತು ಆಜ್ಞಾಪಿಸಿದರು: "ರುದಯ ತೋರ್ಸು!"

ಲ್ಯಾಪ್‌ಟಾಪು ಉದಯ ತೋರಿಸಿತು. ಕೆಂಪಗೆ, ಗುಂಡಗೆ, ಸಮುದ್ರದಿಂದ ಮೇಲೇಳುವ ಸೂರ್ಯ!

"ಏ, ಇಂದೆ ಓಗು!"

"ಇಂದು ಮೋಡ ಕವಿದ ವಾತಾವರಣ," ಎಂದಿತು ಯಂತ್ರದೊಳಗಿನ ಹೆಣ್ಣುದನಿ.

"ಸೂರ್ಯ ಉಟ್ದ, ಮೋಡಾನೂ ಕವೀತು," ಎಂದಳು ಗಗನ ಒಳಗಿನಿಂದಲೇ. "ರುದಯ ಯಾವಾಗ್ ಬತ್ತದೆ?"

ಮರುದಿನ ಮೇಷ್ಟ್ರು ಶಾಲೆಯ ಕನ್ನಡ ಮೇಡಂ ಮುಸರತ್ ಅವರ ಮೊರೆಹೊಕ್ಕರು. ಒಂದಕ್ಷರವೂ ಕೊಂಕದ ಕನ್ನಡ ಅವರದು.

"ಯಂತ್ರ ಸರಿಯಾಗೇ ಇದೆ ಸರ್. ನೀವು ಹಕಾರ ನುಂಗ್ತಾ ಇದೀರಿ. ಹೊಟ್ಟೆಯಿಂದ ಉಸಿರು ತಂದು 'ಹ' ಅನ್ನಿ."

"ಅ."

"ಹ!"

"ಅಹ್!"

"ಹತ್ತಿರ ಬಂದ್ರಿ. ಬಿಡಬೇಡಿ."

ಬಿಡುವ ಮೇಷ್ಟ್ರೇ ಅವರು! ಸ್ನಾನದಲ್ಲಿ ಹಾ, ಊಟದಲ್ಲಿ ಹೂ. ಗಗನ ಗಾಬರಿಯಾಗಿ ನೀರು ತಂದು, "ಸಾರು ಅಷ್ಟೊಂದ್ ಖಾರ ಆಗದಾ?" ಎಂದಳು. ಮಳವಳ್ಳಿ ಬಸ್ಸಿನಲ್ಲಿ "ಹೇ! ಹೋ!" ಎನ್ನುತ್ತ ಮುಷ್ಟಿ ಎತ್ತಿದರೆ, ಕಂಡಕ್ಟರ್ ಸೀಟಿ ಊದಿ ಬಸ್ಸೇ ನಿಲ್ಲಿಸಿದ: "ಯಾರುನ್ನ ಬುಟ್ ಬಂದ್ರಿ ಸಾ?"

ಭಾನುವಾರ ಸಂಜೆಗೆ ಹೃದಯ ಬಂತು. ಬಂದೇ ಬಂತು! ಆದರೆ ಹುಟ್ಟಿದಂದಿನಿಂದ ನುಂಗಿದ್ದ ಹಕಾರಗಳೆಲ್ಲ ಅದರ ಬೆನ್ನಿಗೇ ಹೊರಟಿವೆ ಎಂಬುದು ಮೇಷ್ಟ್ರಿಗೆ ಹೊಳೆಯಲಿಲ್ಲ.

ಸೋಮವಾರ ಪರಿವೀಕ್ಷಕ ಕೆಂಪಸಿದ್ದಯ್ಯನವರು ಬಂದು ಕೊನೆಯ ಬೆಂಚಿನಲ್ಲಿ ಕುಳಿತರು. ಊಟದ ಬೆಲ್ಲಿಗೆ ಮುಂಚಿನ ಪಿರಿಯಡ್ಡು ಅದು.

"ಹೆಲ್ಲರಿಗೂ ನಮಸ್ಕಾರ! ಹಿವತ್ತಿನ ಪಾಠ... ಹೃದಯ ತೋರಿಸು!"

ಗೋಡೆಯ ತುಂಬ ಹೃದಯ! ಅಂಗೈ ಬೀಸಿದರು, ಮುಂದಿನ ಚಿತ್ರದಲ್ಲಿ ಅದು ಲಬ್‌ಡಬ್ ಎಂದು ಬಡಿಯತೊಡಗಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಪರಿವೀಕ್ಷಕರ ಹುಬ್ಬು ಮೇಲೇರಿತು. ಮೇಷ್ಟ್ರ ಕಣ್ಣಿಗೆ ಮಂಡ್ಯ ನಿಚ್ಚಳವಾಗಿ ಕಾಣತೊಡಗಿತು. ಇನ್ನು ರಕ್ತ ಹೊರಗೆ ಸಾಗುವ ಅಪಧಮನಿಯನ್ನು ಕರೆಯಬೇಕು, ಅಷ್ಟೇ.

"ಹಪಧಮನಿ ತೋರಿಸು!"

ಯಂತ್ರ ಕ್ಷಣಕಾಲ ಯೋಚಿಸಿತು. ಅದರ ಅಪಾರ ಜ್ಞಾನಭಂಡಾರದಲ್ಲಿ ಇದಕ್ಕೆ ಹತ್ತಿರದ ಪದಾರ್ಥ ಒಂದೇ ಇತ್ತು.

ಹಪ್ಪಳ.

ಗೋಡೆಯ ಮೇಲೆ ಬಾಣಲೆ ಬಂತು. ಎಣ್ಣೆ ಕಾಯಿತು. ಚುಂಯ್! ಹಪ್ಪಳ ಅರಳಿತು. ಹಸಿದ ತರಗತಿ "ಹೋ!" ಎಂದಿತು.

"ಹದಲ್ಲ! ಹದಲ್ಲ!" ಎಂದು ಮೇಷ್ಟ್ರು ಎರಡೂ ತೋಳು ಅಗಲಿಸಿದರು. ಹಪ್ಪಳ ಗೋಡೆಯಷ್ಟು ಅಗಲವಾಯಿತು. ಬೆವರಿಗೆ ಗಾಳಿ ಹಾಕಿಕೊಳ್ಳಲು ಅಂಗೈ ಬೀಸಿದರು, ಸಂಡಿಗೆ ಬಂತು. ಅಷ್ಟರಲ್ಲಿ ಮಕ್ಕಳು ಗುಟ್ಟು ಹಿಡಿದುಬಿಟ್ಟಿದ್ದರು. ಇಡೀ ತರಗತಿ ಎದ್ದು ನಿಂತು ಕೈ ಬೀಸತೊಡಗಿತು. ಚಕ್ಕುಲಿ! ನಿಪ್ಪಟ್ಟು! ಮದ್ದೂರು ವಡೆ!

"ಸಾ, ವಡೆ ಅಂಗೇ ಇರ್ಲಿ ಸಾ, ಮುಂದಕ್ ಓಗ್ಬೇಡಿ!" ಎಂದು ಮುಂದಿನ ಬೆಂಚು ಅಂಗಲಾಚಿತು.

"ರೀ, ನಿಲ್ಸ್ರೀ ಅದನ್ನ!" ಕೆಂಪಸಿದ್ದಯ್ಯನವರೂ ಎದ್ದು ಮುಂದಕ್ಕೆ ಬಂದು ಕೈ ಬೀಸಿದರು. ಬೋಂಡ ಬಂತು.

ಆಗ ಮೇಷ್ಟ್ರಿಗೆ ಮುಷ್ಟಿಯ ನೆನಪಾಯಿತು. ಮಕ್ಕಳ ಕೈಗಳ ಕಾಡಿನಲ್ಲಿ ಯಂತ್ರಕ್ಕೆ ತಮ್ಮ ಕೈ ಕಾಣಲೆಂದು ಎರಡೂ ಮುಷ್ಟಿ ಎತ್ತಿ ಬೆಂಚಿನಿಂದ ಬೆಂಚಿಗೆ ಕುಣಿದರು, ನೆಗೆದರು, ತಿರುಗಿದರು. ತಮ್ಮತ್ತಲೇ ಬರುತ್ತಿದ್ದ ಮುಷ್ಟಿಗಳನ್ನು ಕಂಡು ಪರಿವೀಕ್ಷಕರು ಚಿತ್ರ ಬೀಳುತ್ತಿದ್ದ ಗೋಡೆಗೇ ಒರಗಿದರು. ಅವರ ಬಿಳಿ ಅಂಗಿಯ ಮೇಲೆ ಬೋಂಡ ಬೇಯುತ್ತಿತ್ತು.

ಗದ್ದಲ ಕೇಳಿ ಮುಸರತ್ ಮೇಡಂ ಪಕ್ಕದ ಕೋಣೆಯಿಂದ ಬಂದರು. ಬಾಗಿಲಲ್ಲೇ ನಿಂತು, "ಎಲ್ಲರೂ ಕೈ ಕಟ್ಟಿ," ಎಂದರು. ಎಲ್ಲರೂ ಕಟ್ಟಿದರು, ಪರಿವೀಕ್ಷಕರೂ. ಮೇಡಂ ತಣ್ಣಗೆ, "ಅಪಧಮನಿ ತೋರಿಸು," ಎಂದರು.

ಬೋಂಡ ಮಾಯವಾಯಿತು. ಅಪಧಮನಿ, ಸಾಕಿದ ಹಸುವಿನಂತೆ, ಬಂದು ನಿಂತಿತು.

ಪಾಠ ಮುಗಿದ ಮೇಲೆ ಕೆಂಪಸಿದ್ದಯ್ಯನವರು ಮೇಷ್ಟ್ರನ್ನು ಪಕ್ಕಕ್ಕೆ ಕರೆದರು.

"ನನ್ನ ಸರ್ವೀಸಲ್ಲಿ ಒಂದು ಮಗೂನೂ ಆಕಳಿಸದ ಪಾಠ ಇದೇ ಮೊದಲು ಚಲುವರಾಜು. ಮಂಡ್ಯಕ್ಕೆ ನಿಮ್ಮ ಹೆಸರು ಕಳಿಸ್ತಾ ಇದೀನಿ."

"ತಂತ್ರಜ್ಞಾನದ ಪ್ರಾತ್ಯಕ್ಷಿಕೆಗಾ ಸಾರ್?" ಮೇಷ್ಟ್ರು ಮತ್ತೆ ಎದೆಯುಬ್ಬಿಸಿದರು.

"ಅದಕ್ಕೆ ಮುಸರತ್ ಮೇಡಂ ಹೋಗ್ತಾರೆ. ನೀವು ಶಿಕ್ಷಕರ ಮೂಕಾಭಿನಯ ಸ್ಪರ್ಧೆಗೆ! ಬರೀ ಕೈಕಾಲಲ್ಲಿ ಇಷ್ಟು ನಗಿಸೋರು ಈ ತಾಲ್ಲೂಕಲ್ಲೇ ಇಲ್ಲ."

ಸಂಜೆ ಮನೆಯಲ್ಲಿ ಗಗನ ಎಲ್ಲವನ್ನೂ ಕೇಳಿಸಿಕೊಂಡಳು.

"ಮೂಕಾಭಿನಯ ಅಂದ್ರೆ... ಒಂದ್ ಮಾತೂ ಆಡಂಗಿಲ್ವಾ?"

"ಇಲ್ಲ ಕಣೆ."

ಗಗನಳ ಮುಖ ಅರಳಿತು. "ಎಂಥ ಒಳ್ಳೆ ಸಾಹೇಬ್ರು ಕಣ್ರೀ ಅವ್ರು! ಸುಮ್ನೆ ಯಾಕ್ ತಡ, ಅಭ್ಯಾಸ ಈಗ್ಲೇ ಸುರು ಮಾಡ್ಕಳಿ."

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಯೋಚಿಸಿದರು. ಮುಚ್ಚಿ, ಎರಡೂ ಕೈ ಎತ್ತಿ ಮುಗಿದರು.