ಹಿಂದಿನ ಸೀಟಿಗೂ ಹ್ಯಾಂಡಲ್ ಇರುವ ಕೊಲ್ವಾದ ಜೋಡಿ ಸೈಕಲ್ಲಿಗೆ

ಮಾನ್ಯ ಜೋಡಿ ಸೈಕಲ್ಲಿನವರ ಸನ್ನಿಧಿಗೆ,

ಕೊರ್ತಾಲಿಮ್‌ನಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡು ಊರವರಿಗೆ ಅರ್ಜಿ ಬರೆದುಕೊಡುವ ಪರ್ವೀನ ಎಂಬುವಳು ಸವಿನಯದಿಂದ ಸಲ್ಲಿಸುವ ನಮಸ್ಕಾರಗಳು. ತಮ್ಮ ಎರಡು ಚಕ್ರಗಳೂ ಎರಡು ಸೀಟುಗಳೂ ಮುಂದಿನ ಬುಟ್ಟಿಗೆ ಕಟ್ಟಿರುವ ಪ್ಲಾಸ್ಟಿಕ್ ಹೂಗಳೂ ಕ್ಷೇಮವೆಂದು ನಂಬಿದ್ದೇನೆ. ನನ್ನ ಮೊಣಕಾಲುಗಳ ಕ್ಷೇಮವನ್ನು ತಾವು ವಿಚಾರಿಸಲಿಲ್ಲವಾದರೂ ಮುಂದೆ ನಾನೇ ತಿಳಿಸಲಿದ್ದೇನೆ. ನೀರು ಬಾರದವರ ಪರವಾಗಿ, ಕರೆಂಟು ಹೋದವರ ಪರವಾಗಿ ಇಷ್ಟು ವರ್ಷ ದೂರು ಬರೆದ ಕೈಗೆ ಸ್ವಂತದ್ದೊಂದು ದೂರು ಒದಗಿಸಿಕೊಟ್ಟ ತಮಗೆ ಮೊದಲಿಗೆ ಕೃತಜ್ಞತೆಗಳು.

ತಾವು ಹಿಂದಿನ ಸೀಟಿನಲ್ಲಿ ಹೊತ್ತ ಹಿರಿಯರು ನನ್ನ ಅಬ್ಬಾ, ಅಂದರೆ ತಂದೆ, ಜಿಲಾನಿ. ವಿಜಯಪುರದ ಕಡೆಯಿಂದ ಗೋವಾಕ್ಕೆ ಬಂದು, ಚಿರೇಕಲ್ಲಿನ ಲಾರಿ ಓಡಿಸುತ್ತಲೇ ಕೂದಲು ಬೆಳ್ಳಗಾಗಿಸಿಕೊಂಡವರು. ಸಕ್ಕರೆ ಕಾಯಿಲೆ ಕಣ್ಣಿಗಿಳಿದು ಎದುರಿನವರ ಮುಖ ಮಸುಕಾಗತೊಡಗಿದಾಗ ಲಾರಿಯ ಕೀಲಿಯನ್ನು ಮಾಲೀಕರ ಕೈಗಿತ್ತು ಮನೆಗೆ ಬಂದವರು ಆಮೇಲೆ ಹೊಸ್ತಿಲು ದಾಟುವುದನ್ನೇ ಬಿಟ್ಟರು. ಬಣ್ಣಗಳು ಮಾತ್ರ ಇನ್ನೂ ಕಾಣುತ್ತವೆ. ಅವು ಎಷ್ಟು ಕಾಲ ಉಳಿಯುತ್ತವೆಂಬುದನ್ನು ಡಾಕ್ಟರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಹೀಗಿರಲು ಒಂದು ಮಧ್ಯಾಹ್ನ ಊಟದ ತಾಟಿನ ಮುಂದೆ ಅವರು ಹೇಳಿದರು: "ಬೇತುಲ್ ರಸ್ತಾದಾಗ ಎಷ್ಟೋ ವರ್ಷ ಗಾಡಿ ಹೊಡದೇನಿ. ಸಮುದ್ರ ಬಲಕ್ಕ ಇರ್ತಿತ್ತು, ನನ್ನ ಕಣ್ಣು ರಸ್ತಾದ ಮ್ಯಾಲ ಇರ್ತಿದ್ದವು. ಡ್ರೈವರ್ ಸಮುದ್ರ ನೋಡಿದ್ರ ಗಾಡಿನೂ ನೋಡಾಕ ಹೋಗಿಬಿಡ್ತದ. ಈಗ ಒಮ್ಮೆ ಹಿಂದ ಕುಂತು ನೋಡಬೇಕು."

ಬಸ್ಸಿಗೆ ಹೋಗೋಣವೆಂದೆ. ಬಸ್ಸಿನಲ್ಲಿ ಸಮುದ್ರ ಕಾಣುವುದಿಲ್ಲ, ಮಂದಿಯ ತಲೆಗಳು ಕಾಣುತ್ತವೆ ಎಂದರು. ಕಾರಿನಲ್ಲಿ ಬೇರೆ ಡ್ರೈವರನ ಪಕ್ಕ ಕೂರುವುದು ಅವರ ಮರ್ಯಾದೆಗೆ ಒಗ್ಗುವ ಮಾತಲ್ಲ. ಹೀಗೆ ತಮ್ಮ ಆಯ್ಕೆಯಾಯಿತು. ಕೊಲ್ವಾದಿಂದ ಬೇತುಲ್ ದಾಟಿ, ಗುಡ್ಡದ ಮೇಲಿನ ಕಾಬೊ ದ ರಾಮಾದ ಬಯಲಿನವರೆಗೆ ಹೋಗುವುದೆಂದು ಗೊತ್ತುಪಡಿಸಿಕೊಂಡು, ತುಂಬಿದ ಲಾರಿಯ ಪ್ರಯಾಣಕ್ಕೆ ಹೇಗೋ ಹಾಗೆ ಅಬ್ಬಾ ಯೋಜನೆ ಹಾಕಿದರು. ಎಲ್ಲಿ ಚಹಾಕ್ಕೆ ನಿಲ್ಲುವುದು, ನಿಂತಲ್ಲಿ ಲಾರಿ ತಿರುಗಿಸಲು ಜಾಗ ಇದೆಯೇ, ಪೊಲೀಸರು ಎಲ್ಲಿ ಕೈ ತೋರಿಸುತ್ತಾರೆ ಎಂಬುದೆಲ್ಲ ಚರ್ಚೆಯಾಯಿತು. ತಮಗೆ ಗಾಳಿಯ ಹೊರತು ಬೇರೆ ಇಂಧನ ಬೇಡವೆಂಬುದನ್ನು ಅವರು ಕೊನೆಯವರೆಗೂ ನಂಬಲಿಲ್ಲ. ನಮ್ಮಮ್ಮಿ ಬಾನು, "ಒಬ್ರಿಗೆ ಕಣ್ಣು ಸರಿಯಿಲ್ಲ, ಒಬ್ಬಾಕಿ ಸಾಲಿ ಬಿಟ್ಟ ಮ್ಯಾಲ ಸೈಕಲ್ ಮುಟ್ಟಿಲ್ಲ. ಚಲೋ ಜೋಡಿ ಆತು," ಎಂದಷ್ಟೇ ಹೇಳಿ, ಚಪಾತಿ ಕಟ್ಟಿಕೊಟ್ಟು, ಮಾತು ಬಿಟ್ಟಳು.

ತಮ್ಮನ್ನು ಬಾಡಿಗೆಗೆ ಕೊಡುವ ಸಾಬೀರ ಪ್ರಾಮಾಣಿಕರು. "ಇದು ಲಗ್ನಾದವರು ಫೋಟೋ ತಗಸಾಕ ಬೀಚಿಗೆ ಒಯ್ಯೋ ಸೈಕಲ್ರಿ. ಬೇತುಲ್ ಏರಿಗೆ ಯಾರೂ ಒಯ್ದಿಲ್ಲ," ಎಂದು ಎಚ್ಚರಿಸಿದರು. "ಹಂಗಾದ್ರ ನಾವ ಮೊದಲು," ಎಂದು ಅಬ್ಬಾ ಏರಿ ಕುಳಿತೇಬಿಟ್ಟರು.

ಬಾಣಾವಲಿ, ವಾರ್ಕಾ, ಕಾವೆಲೊಶಿ ಎಂದು ತೆಂಗಿನ ನೆರಳಿನ ಸಮತಟ್ಟು ರಸ್ತೆಯಲ್ಲಿ ತಾವು ತೋರಿದ ವಿನಯವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಹಿಂದಿನ ಸೀಟಿನ ಮುಂದೆಯೂ ತಾವು ಒಂದು ಹ್ಯಾಂಡಲ್ ಇಟ್ಟಿರುವುದು ಯಾವ ಸದುದ್ದೇಶದಿಂದ? ಅದು ತಿರುಗುವುದಿಲ್ಲ, ಹಿಡಿದುಕೊಳ್ಳಲಿಕ್ಕೆ ಮಾತ್ರ ಎಂದು ನಾನು ಹೇಳಿದೆ. ಲಾರಿ ಓಡಿಸಿದ ಕೈಗಳಿಗೆ ಅದು ಅರ್ಥವಾಗಲಿಲ್ಲ. ಪ್ರತಿ ತಿರುವಿನಲ್ಲೂ ಅಬ್ಬಾ ಅದನ್ನು ಬಲವಾಗಿ ತಿರುಗಿಸಿ, ತಾವು ತಿರುಗಿದ್ದಕ್ಕೆ ನನ್ನ ಬದಲು ತಮ್ಮ ಕೈಗಳಿಗೇ ಶಹಬ್ಬಾಸ್ ಹೇಳಿಕೊಳ್ಳುತ್ತಿದ್ದರು. ಸಮುದ್ರ ನೋಡಲೆಂದು ಹೊರಟವರು ಅಸೋಳ್ಣೆಯ ಸೇತುವೆಯ ಮೇಲೂ ನನ್ನ ಬೆನ್ನಿಗೇ ಮುಖ ಕೊಟ್ಟು, "ಹಾರ್ನ್ ಹೊಡಿ. ಬ್ರೇಕ್ ಮ್ಯಾಲ ಬಟ್ಟು ಇರಲಿ," ಎನ್ನುತ್ತ ಬಂದರು.

ಬೇತುಲ್ ದಾಟಿದ ಮೇಲಿನ ಏರಿನಲ್ಲಿ ತಮ್ಮ ನಿಜವಾದ ಪ್ರತಿಭೆ ಬೆಳಕಿಗೆ ಬಂತು. ತಮ್ಮ ಎರಡು ಜೋಡಿ ಪೆಡಲ್‌ಗಳೂ ಒಟ್ಟಿಗೇ ತಿರುಗುವುದರಿಂದ ಯಾರು ತುಳಿಯುತ್ತಿದ್ದಾರೆ, ಯಾರು ಕಾಲು ಮಾತ್ರ ಇಟ್ಟಿದ್ದಾರೆ ಎಂಬುದನ್ನು ತಾವು ಗುಟ್ಟಾಗಿಯೇ ಇಟ್ಟಿರಿ. ನಾನು ಇಳಿದು ತಳ್ಳೋಣವೆಂದರೆ, "ಲೋಡ್ ಗಾಡಿ ಘಾಟಿನಾಗ ನಿಂತ್ರ ಮತ್ತ ಏರೂದಿಲ್ಲ, ನಿಂದರಬ್ಯಾಡ," ಎಂಬ ಆದೇಶ ಬಂತು. ಅದನ್ನು ಕೇಳಿಸಿಕೊಂಡ ತಾವು ಕೂಡಲೇ ಚೈನು ಕಳಚಿ ನಿಂತಿರಿ. ನಾವಿಬ್ಬರೂ ರಸ್ತೆಯ ಬದಿಯ ಹುಲ್ಲಿಗೆ ಬಿದ್ದೆವು.

ಪೆಟ್ಟೇನೂ ಆಗಲಿಲ್ಲ. ಆದರೆ ಅಬ್ಬಾ ಏಳಲಿಲ್ಲ. ಚಪ್ಪಲಿ ಹುಡುಕಲು ಹುಲ್ಲಿನಲ್ಲಿ ಕೈಯಾಡಿಸುತ್ತ, ಮೆಲ್ಲಗೆ, "ನಿನ್ನ ಕಾಲಿಗೆ ನಾ ಭಾರ ಆದೆ. ತಿರುಗಿ ಹೋಗೂಣು ನಡಿ, ಬೇಟಾ," ಎಂದರು. ಆ ಮಾತನ್ನು ನಾನು ಮನೆಯಲ್ಲಿ ಬಹಳ ದಿನಗಳಿಂದ ಕೇಳುತ್ತಿದ್ದೇನೆ. ಊಟ ಬಡಿಸುವಾಗ, ಔಷಧ ತರುವಾಗ. ಅದನ್ನು ಕೇಳದ ಜಾಗವೊಂದಕ್ಕೆ ಹೋಗೋಣವೆಂದೇ ನಾನು ಹೊರಟದ್ದು. ಅರ್ಧಕ್ಕೇ ಹಿಂದಿರುಗಿದರೆ ಅವರು ಮತ್ತೆ ಹೊಸ್ತಿಲು ದಾಟುವುದಿಲ್ಲವೆಂದು ನನಗೆ ಗೊತ್ತಿತ್ತು. "ಅಬ್ಬಾ, ತಿರುಗಿ ಹೋಗಾಕೂ ಚೈನ್ ಬೇಕಲ್ಲ," ಎಂದೆ. ಅವರಿಗೆ ನಗು ಬಂತು. ಇಬ್ಬರೂ ಕೂತು, ಅವರು ಹೇಳಿದ್ದಕ್ಕೆಲ್ಲ ಉಲ್ಟಾ ಮಾಡಿ ನಾನು ಚೈನು ಕೂರಿಸಿದೆ. ಕೈ ಮಾತ್ರ ಇಬ್ಬರದೂ ಸಮನಾಗಿ ಕಪ್ಪಾಯಿತು. ಆಮೇಲೆ ಏರು ಮುಗಿಯುವವರೆಗೂ ತಮ್ಮನ್ನು ಇಬ್ಬರೂ ತಳ್ಳಿದೆವು. ತಾವು ಹೂಬುಟ್ಟಿ ಅಲ್ಲಾಡಿಸುತ್ತ ಮದುವಣಗಿತ್ತಿಯಂತೆ ಬಂದಿರಿ.

ಮೇಲೆ, ಕಾಬೊ ದ ರಾಮಾದ ಬಯಲಿನಲ್ಲಿ, ಅಬ್ಬಾ ನಿಂತರು. ಹೊಳೆಯುವುದೆಲ್ಲ ಸಮುದ್ರವೇ ಎಂದು ಕೇಳಿದರು. ಹೌದೆಂದೆ. ದೋಣಿಗಳು ಕಾಣಲಿಲ್ಲ ಅವರಿಗೆ, ನೀಲಿ ಕಂಡಿತು. ಬಹಳ ಹೊತ್ತು ನೋಡಿದ ಮೇಲೆ ನನ್ನ ಕಡೆ ತಿರುಗಿ, "ನೀ ಮುಂದ ಕುಂತಿದ್ದಿ. ನೀ ನೋಡಿಲ್ಲ ಅಲ್ಲ?" ಎಂದರು. ಖರೇ, ನೋಡಿರಲಿಲ್ಲ. "ಹಿಂದ ಕುಂಡ್ರು. ನಾ ಹ್ಯಾಂಡಲ್ ಹಿಡಿತೇನಿ."

ಕಡಲಂಚು ಬಹಳ ದೂರವಿತ್ತು, ಸಪಾಟು ಬಯಲಿನಲ್ಲಿ ನಾವಲ್ಲದೆ ಒಂದು ಹಸುವೂ ಇರಲಿಲ್ಲ. ಆದರೂ ಎಡ-ಬಲ ನಾನು ಹೇಳುವಂತೆ, ಕಾಲು ನೆಲಕ್ಕೆ ತಾಗುವಷ್ಟು ಮೆಲ್ಲಗೆ ಹೋಗುವಂತೆ ಕರಾರು ಮಾಡಿಕೊಂಡು ಏರಿದೆವು. ಮಾನ್ಯರೇ, ನನ್ನ ದೂರಿನ ಮುಖ್ಯಾಂಶ ಇದೇ. ಕಣ್ಣಿರುವ ನನ್ನ ಕೈಯಲ್ಲಿ ಕೊಲ್ವಾದಿಂದ ಹಾವಿನಂತೆ ಹರಿದ ತಾವು, ಅವರ ಕೈಗೆ ಹೋದೊಡನೆ ನೂಲು ಹಿಡಿದಂತೆ ನೇರ ನಡೆದಿರಿ. ತಿರುಗಿದ್ದೂ ದೊಡ್ಡ ಲಾರಿ ತಿರುಗುವಷ್ಟು ಅಗಲವಾಗಿ, ಗಂಭೀರವಾಗಿ. ಅಬ್ಬಾನ ಬೆನ್ನು ಸೆಟೆದು ನಿಂತಿತ್ತು. ಅವರು ಹಾಡು ಗುನುಗುತ್ತಿದ್ದರು. "ಎಡಕ್ಕ," ಎಂದು ಒಮ್ಮೆ ಹೇಳಿದ್ದು ಬಿಟ್ಟರೆ ನಾನು ಸಮುದ್ರವನ್ನೇ ನೋಡುತ್ತಿದ್ದೆ. ಈ ಪಕ್ಷಪಾತಕ್ಕೆ ತಾವು ಸಮಜಾಯಿಷಿ ನೀಡಬೇಕಾಗಿ ಕೋರುತ್ತೇನೆ.

ಜೊತೆಗೆ, ಬೇತುಲ್ ಏರನ್ನು ಮುಂದಿನ ಭಾನುವಾರದೊಳಗೆ ಇಳುಕಲಾಗಿ ಪರಿವರ್ತಿಸಲು ಸಂಬಂಧಪಟ್ಟವರಿಗೆ ತಾವು ಶಿಫಾರಸು ಮಾಡಬೇಕು. ಯಾಕೆಂದರೆ ಅಬ್ಬಾ ಈಗಲೇ ಚಪ್ಪಲಿ ಬಾಗಿಲಲ್ಲಿಟ್ಟುಕೊಂಡು ಇನ್ನೂ ಮುಂದಿನ ಆಗೊಂದದವರೆಗಿನ ಯೋಜನೆ ಹಾಕುತ್ತಿದ್ದಾರೆ.

ಪೆಡಲ್ ತುಳಿದ ಮೊಣಕಾಲುಗಳಿಂದ ಇನ್ನೂ ಕುಂಟುತ್ತಿರುವ ತಮ್ಮ ವಿಶ್ವಾಸಿ,
ಪರ್ವೀನ, ಕೊರ್ತಾಲಿಮ್

ತಾ.ಕ.: ಅಮ್ಮಿ ಮತ್ತೆ ಮಾತಾಡತೊಡಗಿದ್ದಾಳೆ. ಮುಂದಿನ ಸಲ ತಾನೂ ಬರುವವಳಂತೆ. ಒರಗಲು ಬೆನ್ನಿರುವ, ಮೇಲೆ ನೆರಳಿರುವ, ತಾನು ತುಳಿಯಬೇಕಿಲ್ಲದ ಮೂರನೆಯ ಸೀಟೊಂದನ್ನು ತಾವು ಜೋಡಿಸಿಕೊಳ್ಳಬೇಕಂತೆ. ಅಂಥದ್ದನ್ನು ಲೋಕದಲ್ಲಿ ಆಟೋರಿಕ್ಷಾ ಎನ್ನುತ್ತಾರೆಂದು ಅವಳಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಇಲ್ಲ. ಚೈನು ಕಳಚುವಷ್ಟು ಧೈರ್ಯವಿರುವ ತಾವೇ ಬಂದು ಹೇಳಿ ಹೋಗಬೇಕು.