ಒಂದು ಇಶ್ಯೂ, ಕೆಳಮನೆಯವರ ಜೊತೆ

ಅಮಿತಾಳ ಮೆಸೇಜು ಬಂದಾಗ ಬಸವಪ್ರಸಾದ ಒದ್ದೆ ಪ್ಯಾಂಟು ಬದಲಾಯಿಸುತ್ತಿದ್ದ.

ನಾಗಪುರದ ಮೇ ತಿಂಗಳಲ್ಲಿ ಬೆವರು ಕೂಡ ಹುಟ್ಟುವ ಮೊದಲೇ ಆರಿಹೋಗುತ್ತದೆ. ಅಂಥದರಲ್ಲಿ ಪ್ಯಾಂಟು ಒದ್ದೆಯಾಗಬೇಕಾದರೆ ಅದು ಕೂಲರಿನದೇ ಕೆಲಸ. ಊರಿನ ಮಹಾಲ್ ಪೇಟೆಯ ಹಳೆಯ ವಾಡೆಯಲ್ಲಿ ಅವನೂ ಅವನ ತಾಯಿ ಜಯವ್ವನೂ ಮಾಳಿಗೆಯ ಮೇಲೆ. ಕೆಳಗೆ ಪ್ರಭಾ ಎಂಬ ಮರಾಠಿ ಹೆಂಗಸು, ಅವಳ ಗಂಡ. ಅವರ ಕಿಟಕಿಯಿಂದ ಅಂಗಳಕ್ಕೆ ಚಾಚಿಕೊಂಡಿದ್ದ ತಗಡಿನ ಕೂಲರು ರಾತ್ರಿಯಿಡೀ ಇವನ ಸ್ಕೂಟರಿನ ಸೀಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಸ್ಕೂಟರಿಗೆ ಬೇರೆ ಜಾಗವಿಲ್ಲ, ಕೂಲರಿಗೆ ಬೇರೆ ಕಿಟಕಿಯಿಲ್ಲ. ಪ್ರತಿ ಬೇಸಿಗೆಯೂ ಇದೇ ಜಗಳ.

ಮೆಸೇಜಿನಲ್ಲಿ ಇಂಗ್ಲಿಷಿನ ಎರಡೇ ಪದ: "ಎನಿ ಇಶ್ಯೂಸ್?"

ಅಮಿತಾ ನಾಗಪುರದ ಪಕ್ಕದ ದಂಡಿನ ಊರು ಕಾಮಠಿಯವಳು. ಅವಳ ತಂದೆ ಗುರುಸಿದ್ದಪ್ಪ ಫೌಜಿನಿಂದ ನಿವೃತ್ತರಾಗಿ ಅಲ್ಲೇ ಮನೆ ಕಟ್ಟಿಕೊಂಡಿದ್ದರು. ಮಗಳು ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದಳು, ಓದಲು ಬರೆಯಲು ಮಾತ್ರ ಬಾರದು. ಹಾಗಾಗಿ ಫೋನಿನಲ್ಲಿ ಇಂಗ್ಲಿಷ್. ಸಂಬಂಧ ತಂದಿದ್ದ ಮಹಾದೇವಮ್ಮನ ಮನೆಯಲ್ಲಿ ಇಬ್ಬರೂ ಒಂದೇ ಸಲ ಭೇಟಿಯಾಗಿದ್ದರು. "ಇಬ್ಬರಿಗೂ ಎರಡನೇ ಸಂಬಂಧ. ಹಿಂದಿಂದು ಈಗ ಯಾರೂ ತಗೀಬ್ಯಾಡ್ರಿ," ಎಂದು ಆಕೆ ಮೊದಲೇ ಬಾಯಿಗೆ ಬೀಗ ಹಾಕಿದ್ದಳು.

ಬಸವಪ್ರಸಾದ ಕಳಮನಾ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದಲಾಲರೊಬ್ಬರ ಬಳಿ ಮ್ಯಾನೇಜರ್. ಅವನ ಮೊದಲ ಹೆಂಡತಿ, ಮೆಣಸಿನಕಾಯಿಯ ಘಾಟಿನಲ್ಲಿ ಸಂಸಾರ ಮಾಡಲಾಗದೆಂದು ವರ್ಷ ತುಂಬುವ ಮೊದಲೇ ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಅಮಿತಾ ಕೂಡ ಅಂದು ಅವನೆದುರು ಕೂತ ಕೂಡಲೇ ಸೀನಿದಳು. ಮುಗಿಯಿತು ಎಂದುಕೊಂಡ. ಆದರೆ ಅವಳು ಮೂಗು ಒರೆಸಿಕೊಂಡು ನಕ್ಕು, "ನೀವು ಒಗ್ಗರಣಿ ಇದ್ದಂಗ ಅದೀರಿ ನೋಡ್ರಿ," ಎಂದು ಇನ್ನೊಂದು ಕಪ್ ಚಹಾ ಕೇಳಿದ್ದಳು. ಅಂದಿನಿಂದ ಅವನು ಮೆಣಸಿನಕಾಯಿ ಚೀಲಗಳನ್ನು ನೋಡಿ ಸುಮ್ಮಸುಮ್ಮನೆ ನಗುತ್ತಿದ್ದ.

ಅಂಥವಳು ಕೇಳಿದ ಪ್ರಶ್ನೆ. ತಪ್ಪು ಉತ್ತರ ಹೋಗಬಾರದು. ಅವನು ಪಕ್ಕದ ಮನೆಯ ನರಸಿಂಹಮೂರ್ತಿಗಳ ಬಾಗಿಲು ತಟ್ಟಿದ. ಮೈಸೂರು ಕಡೆಯ ಅವರು ಸರ್ಕಾರಿ ಕಚೇರಿಯಲ್ಲಿ ಜೀವಮಾನವಿಡೀ ಇಂಗ್ಲಿಷ್ ಕಾಗದಗಳನ್ನು ತಿದ್ದಿ ನಿವೃತ್ತರಾದವರು. ಈಗ ತಿದ್ದಲು ಏನೂ ಸಿಗದೆ ನೆರೆಹೊರೆಯವರನ್ನು ತಿದ್ದುತ್ತಿದ್ದರು.

"ಇಶ್ಯೂ!" ನಿಘಂಟನ್ನು ತೊಡೆಯ ಮೇಲೆ ಹರಡಿಕೊಂಡು ಅವರು ಬಾಯಿ ಚಪ್ಪರಿಸಿದರು. "ಹಲಸಿನ ಹಣ್ಣಿನಂಥ ಪದ ಕಣ್ರೀ ಇದು. ಬಿಡಿಸಿದಷ್ಟೂ ತೊಳೆ."

"ನಮ್ಮ ಅಂಗಡ್ಯಾಗ ಗೇಟ್‌ಪಾಸ್ ಇಶ್ಯೂ ಮಾಡ್ತೇವಲ್ರಿ, ಅದ?"

"ಅದು ಕ್ರಿಯಾಪದ. ಪತ್ರಿಕೆ ಸಂಚಿಕೆಗೂ ಇಶ್ಯೂ ಅಂತಾರೆ. ಅವರು ಕೇಳಿರೋದು ಅದ್ಯಾವುದೂ ಅಲ್ಲ. ಸಮಸ್ಯೆ, ತಕರಾರು, ವಿವಾದ. ಪ್ರಾಬ್ಲಮ್, ಡಿಸ್‌ಪ್ಯೂಟ್, ಮ್ಯಾಟರ್. ನಿಮಗೆ ಯಾರ ಜೊತೆಗಾದ್ರೂ ಜಗಳಗಿಗಳ ಇದ್ಯಾ ಅಂತ. ಸ್ವಭಾವ ಅಳೀತಾ ಇದ್ದಾರೆ."

"ಹಂಗಾರ ಏನೂ ಇಲ್ಲ ಅಂತ ಬರದ್ರ ಆತಲ್ರಿ."

"ಎಲ್ಲಾದರೂ ಉಂಟೇ! ಏನೂ ಇಲ್ಲ ಅನ್ನೋ ಗಂಡಸನ್ನ ಯಾವ ಹೆಂಗಸು ನಂಬ್ತಾಳೆ? ಒಂದು ಒಪ್ಕೊಂಡುಬಿಡಿ. ಚಿಕ್ಕದು. ಪ್ರಾಮಾಣಿಕ ಅನ್ನಿಸ್ತೀರಿ."

ಬಸವಪ್ರಸಾದ ಯೋಚಿಸಿದ. ಅವನಿಗಿದ್ದದ್ದು ಒಂದೇ ಜಗಳ. ನರಸಿಂಹಮೂರ್ತಿಗಳು ಹೇಳಿಕೊಟ್ಟ ಇಂಗ್ಲಿಷಿನಲ್ಲಿ ಬರೆದು ಕಳಿಸಿದ. ಕನ್ನಡದಲ್ಲಿ ಅದು ಇಷ್ಟು: "ಹೌದು, ಒಂದು ಇಶ್ಯೂ ಇದೆ, ಪ್ರಭಾ ಜೊತೆ. ಬಹಳ ಹಳೆಯದು. ಅವರು ನಮ್ಮ ಕೆಳಗಿನ ಮನೆಯಲ್ಲೇ ಇದ್ದಾರೆ. ನಾನು ಸಮಾಧಾನದಿಂದ ನಿಭಾಯಿಸುತ್ತಿದ್ದೇನೆ."

ಮಧ್ಯಾಹ್ನ ಉತ್ತರ ಬಂತು: "ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್. ಬಹಳ ಖುಷಿಯಾಯಿತು. ಸಂಜೆ ಮನೆಗೆ ಬರುತ್ತೇನೆ."

ಬಸವಪ್ರಸಾದ ಹಮಾಲರಿಗೆಲ್ಲ ಚಹಾ ಹೇಳಿದ. ಕೂಲರಿಗೆ ಮನಸ್ಸಿನಲ್ಲೇ ಕೈಮುಗಿದ. ಚಹಾ ಬರುವ ಮೊದಲು ತಾಯಿಯ ಫೋನು ಬಂತು.

"ಜಲ್ದಿ ಬಾರಪಾ! ಕಾಮಠಿಯವರು ಬಂದಾರ. ಮೇಲೆ ಬರವೊಲ್ಲರು. ಅಂಗಳದಾಗ ನಿಂತು ಎಲ್ಲಾರನ್ನೂ ಏನೇನೋ ಕೇಳಾಕತ್ತಾರ!"

ಕಾಮಠಿಯಲ್ಲಿ ನಡೆದದ್ದು ಇಷ್ಟೇ. ಊಟಕ್ಕೆ ಕೂತಾಗ ಅಮಿತಾ ಆ ಮೆಸೇಜನ್ನು ಅಪ್ಪನಿಗೆ ಓದಿ ಹೇಳಿದ್ದಳು. ಫೌಜಿನ ಫಾರಮ್ಮುಗಳನ್ನು ತುಂಬಿ ತುಂಬಿ ಹಣ್ಣಾದ ಗುರುಸಿದ್ದಪ್ಪನವರಿಗೆ ಇಶ್ಯೂ ಎಂದರೆ ಒಂದೇ ಅರ್ಥ: ಮಕ್ಕಳು. ಮಹಾದೇವಮ್ಮ ಹುಡುಗನಿಗೆ ಮಗುವಿದೆ ಎಂದು ಹೇಳಿಯೇ ಇರಲಿಲ್ಲ. ವಿಚಾರಿಸಿಯೇ ಬಿಡೋಣವೆಂದು ಒಬ್ಬರೇ ಹೊರಟುಬಂದಿದ್ದರು. ಪ್ರಭಾ ಎಂದರೆ ಬಿಟ್ಟುಹೋದ ಹೆಂಡತಿ ಇರಬೇಕು ಎಂದುಕೊಂಡು ಕೆಳಮನೆಯ ಬಾಗಿಲು ತಟ್ಟಿದರೆ, ಬನಿಯನ್ ಹಾಕಿಕೊಂಡ ಗಂಡಸೊಬ್ಬ ಹೊರಬಂದು, ಪ್ರಭಾ ತನ್ನ ಹೆಂಡತಿ ಎಂದ. ಮುಂದಿನ ಮಾತು ಹಿಂದಿಯಲ್ಲಿ ನಡೆಯಿತು.

"ನಿಮ್ಮ ಹೆಂಡತಿಗೂ ಮೇಲಿನ ಬಸವಪ್ರಸಾದನಿಗೂ ಒಂದು ಇಶ್ಯೂ ಇದೆಯಂತೆ. ನಿಜವೇ?"

"ಒಂದೇನು ಬಂತು," ಎಂದ ಪ್ರಭಾಳ ಗಂಡ ಹೊಟ್ಟೆ ಕೆರೆದುಕೊಳ್ಳುತ್ತ. "ಪ್ರತಿ ಬೇಸಿಗೆಗೂ ಆಗುತ್ತದೆ."

ಗುರುಸಿದ್ದಪ್ಪ ಗೋಡೆ ಹಿಡಿದುಕೊಂಡರು. "ನಿಮಗೆ ಇದೆಲ್ಲ ಗೊತ್ತೇ?"

"ಇಡೀ ವಾಡೆಗೇ ಗೊತ್ತು. ಮೊದಮೊದಲು ನನಗೂ ಸಿಟ್ಟು ಬರುತ್ತಿತ್ತು. ಈಗ ಅವರಿಬ್ಬರೇ ಬಗೆಹರಿಸಿಕೊಳ್ಳಲಿ ಅಂತ ಬಿಟ್ಟುಬಿಟ್ಟಿದ್ದೇನೆ. ನಾನು ಒಳಗೆ ತಣ್ಣಗೆ ಮಲಗುತ್ತೇನೆ."

ಬಸವಪ್ರಸಾದ ಅಂಗಳಕ್ಕೆ ಬಂದು ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ಭಾವೀ ಮಾವ ಅವನ ಅಂಗಿಯ ಕೊರಳಪಟ್ಟಿ ಹಿಡಿದಿದ್ದರು.

"ಸಮಾಧಾನದಿಂದ ನಿಭಾಯಿಸ್ತಿ ಹೌದಲ್ಲೋ! ಗಂಡನ್ನ ಒಳಗ ಮಲಗಿಸಿ ನಿಭಾಯಿಸ್ತಿ!"

"ಮಾವ, ನಾ ಏನ್ ಮಾಡಲ್ರಿ! ರಾತ್ರಿ ಎಲ್ಲಾ ಸುರೀತದ. ಎಷ್ಟೋ ಸಲ ಅವರಿಗೆ ಬಟ್ಟಿ ಕಟ್ರಿ ಅಂದೆ, ಕೇಳವೊಲ್ಲರು!"

"ಯಾವುದಕ್ಕೋ ಬಟ್ಟಿ ಕಟ್ಟೂದು? ಎಲ್ಲೈತಿ ಕೂಸು?"

"ಯಾವ ಕೂಸ್ರಿ?"

ಗದ್ದಲಕ್ಕೆ ಪ್ರಭಾ ಸೌಟು ಹಿಡಿದೇ ಹೊರಬಂದಳು. ತನ್ನ ಹೆಸರು ಯಾವ ವಿಷಯಕ್ಕೆ ಬಂದಿದೆ ಎಂದು ಗುರುಸಿದ್ದಪ್ಪನವರ ಹಿಂದಿಯಿಂದಲೇ ತಿಳಿದವಳು ಆ ಸೌಟನ್ನು ಮೊದಲು ಗುರುಸಿದ್ದಪ್ಪನ ಕಡೆಗೆ, ಆಮೇಲೆ ಬಸವಪ್ರಸಾದನ ಕಡೆಗೆ, ಕೊನೆಗೆ ತಣ್ಣಗೆ ಮಲಗುವ ಗಂಡನ ಕಡೆಗೆ ತಿರುಗಿಸಿದಳು. ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ನರಸಿಂಹಮೂರ್ತಿಗಳು ನಿಘಂಟಿನ ಹಾಳೆ ಮಗುಚಿದರು. ಅವರ ಮುಖ ಹಿಂಡಿದ ನಿಂಬೆಯ ಹಾಗಾಯಿತು.

"ಕ್ಷಮಿಸಬೇಕು, ಕ್ಷಮಿಸಬೇಕು. ಆಚೆ ಪುಟದಲ್ಲಿ ಇನ್ನೊಂದು ತೊಳೆ ಉಳಿದುಬಿಟ್ಟಿದೆ. ಇಶ್ಯೂ ಅಂದ್ರೆ ಸಂತಾನ. ಪ್ರಾಜೆನಿ. ಆಫ್‌ಸ್ಪ್ರಿಂಗ್."

ಪ್ರಭಾಳ ಗಂಡ ಕಿಟಕಿಯ ಕಡೆ ಕೈ ತೋರಿಸಿದ. ತಗಡಿನ ಕೂಲರು ಎಲ್ಲರೆದುರಿಗೆ ಸ್ಕೂಟರಿನ ಸೀಟಿನ ಮೇಲೆ ಟಪ್ ಎಂದು ಒಂದು ಹನಿ ಬಿಟ್ಟಿತು.

ಗುರುಸಿದ್ದಪ್ಪ ಆ ಹನಿಯನ್ನು ನೋಡಿದರು, ಕೂಲರನ್ನು ನೋಡಿದರು. ಆಮೇಲೆ ನಗಲು ಶುರುಮಾಡಿದವರು ಕೆಮ್ಮು ಬರುವ ತನಕ ನಕ್ಕರು. ತಾವೇ ಹಿಂಡಿದ್ದ ಕೊರಳಪಟ್ಟಿಯನ್ನು ತಾವೇ ನೀವಿ ಸರಿಮಾಡಿದರು. ಪ್ರಭಾಳಿಗೆ ಕೈಮುಗಿದರು. "ನೀವು ಬಂಗಾರದಂಥ ಮನಶ್ಯಾ ಅದೀರಿ ಅಳಿಯಂದ್ರ. ಮಕ್ಕಳಿಲ್ಲ ಮರಿಯಿಲ್ಲ, ಯಾವ ತಕರಾರಿಲ್ಲ. ಇಂಥಾದ್ದು ಎಲ್ಲಿ ಸಿಗತೈತಿ!" ಎಂದು ಅವನ ಹೆಗಲ ಮೇಲೆ ಕೈಹಾಕಿ ಮೇಲೆ ಬಂದರು. ಜಯವ್ವ ರವೆ ಹುರಿಯಲಿಟ್ಟಳು. ಬಸವಪ್ರಸಾದ ಘಾಟಿಲ್ಲದ ಅಂಗಿ ಹುಡುಕಿ ಹಾಕಿಕೊಂಡ.

ಬಿಸಿಲು ಇಳಿಯುವ ಹೊತ್ತಿಗೆ ಅಮಿತಾ ಬಂದಳು. ಕೈಯಲ್ಲಿ ಬಣ್ಣದ ಪೆನ್ಸಿಲುಗಳ ಡಬ್ಬಿ. ಹೊಸ್ತಿಲಲ್ಲೇ ನಿಂತು ಒಳಗೆಲ್ಲ ಕಣ್ಣಾಡಿಸಿದಳು.

"ಎಲ್ಲಿ, ಕೂಸು?"

ಗುರುಸಿದ್ದಪ್ಪ ಮತ್ತೆ ನಗುತ್ತ ಕೂಲರಿನ ಕಥೆಯನ್ನು ಸೌಟಿನ ಸಮೇತ ಹೇಳಿದರು. "ನಾ ಎಂಥಾ ಹುಚ್ಚ ನೋಡವಾ! ಇವರಿಗೆ ಮಕ್ಕಳ ಇಲ್ಲ!"

ಅಮಿತಾ ನಗಲಿಲ್ಲ. ನಡುಮನೆಯ ಕುರ್ಚಿಯ ತುದಿಯಲ್ಲಿ ಕೂತಳು.

"ನನಗ ಒಬ್ಬಾಕಿ ಮಗಳದಾಳ್ರಿ. ಕೀರ್ತಿ ಅಂತ. ಪುಣೆದಾಗ ನಮ್ಮ ಅಕ್ಕನ ಕಡೆ ಅದಾಳ. ಮದಲ ಮನಸು ಕೂಡಲಿ, ಆಮ್ಯಾಲೆ ಹೇಳೂಣು ಅಂದಿದ್ರು ಮಹಾದೇವಮ್ಮ. ನಿಮ್ಮ ಮೆಸೇಜ್ ನೋಡಿದ ಮ್ಯಾಲ, ಇವರು ಎಷ್ಟ ಧೈರ್ಯಾ ಮಾಡಿ ಹೇಳ್ಯಾರ, ನಾ ಯಾಕ ಮುಚ್ಚಿಡ್ಲಿ ಅನಸ್ತು. ಇಬ್ಬರಿಗೂ ಒಂದೊಂದು ಅದಾವ, ಬರೋಬರ್ ಆಗತೈತಿ ಅಂತ ಕೀರ್ತಿಗೂ ಫೋನ್ ಮಾಡಿ ಹೇಳಿಬಿಟ್ಟೆ."

"ಹೇಳಿದ್ದು ಚಲೋ ಆತ್ರಿ," ಎಂದ ಬಸವಪ್ರಸಾದ ಗಡಬಡಿಸಿ. "ಕೀರ್ತಿ ಇಲ್ಲೇ ಬರಲಿ. ನನ್ನ ಮಗಳಂಗ ನೋಡ್ಕೋತೀನಿ."

"ನಾಳೆ ನಿಮಗೂ ನಿಮ್ಮದೊಂದು ಬೇಕನಸತೈತಿ. ನನಗ ಇನ್ನ ಆಗೂದಿಲ್ಲಂತ ಡಾಕ್ಟರ್ ಹೇಳ್ಯಾರ. ಅದಕ್ಕ ಮದಲ ಕೇಳಿದ್ದು, ಇಶ್ಯೂಸ್ ಅದಾವೇನು ಅಂತ. ಇದ್ದವರು ಸಿಗಲಿ ಅಂತ, ಅಪ್ಪಗೂ ಹೇಳದ ಕೇಳಿದ್ದೆ."

"ನಾ ಹಂಗ ಎಂದೂ ಅನ್ನೂದಿಲ್ರಿ."

"ಇವತ್ತ ಅನ್ನೂದಿಲ್ಲ," ಎಂದಳು ಅಮಿತಾ. ದನಿಯಲ್ಲಿ ಸಿಟ್ಟಿರಲಿಲ್ಲ. "ಇದ ಮಾತು ಕೀರ್ತಿಯ ಅಪ್ಪಾರೂ ಅಂದಿದ್ರು. ಎರಡು ವರ್ಷಕ್ಕ ಅವರವ್ವ ಬ್ಯಾರೆ ಹೆಣ್ಣು ನೋಡಾಕ ಶುರು ಮಾಡಿದ್ರು."

ಅಮಿತಾ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಎದ್ದಳು. ಬಾಗಿಲಲ್ಲಿ ಒಮ್ಮೆ ನಿಂತು, "ಬ್ಯಾಸರಾ ಮಾಡ್ಕೋಬ್ಯಾಡ್ರಿ. ನೀವು ಚಲೋ ಅದೀರಿ," ಎಂದಳು. ಗುರುಸಿದ್ದಪ್ಪ ಟೋಪಿ ತಿರುವುತ್ತ ಮಗಳ ಹಿಂದೆ ಮೆಟ್ಟಿಲಿಳಿದರು.

ಜಯವ್ವ ಶಿರಾ ತುಂಬಿದ ತಟ್ಟೆಗಳನ್ನು ಹಿಡಿದು ಒಳಗಿನಿಂದ ಬಂದಳು. ಖಾಲಿ ಕುರ್ಚಿಗಳನ್ನು ನೋಡಿದಳು.

"ಯಾಕೋ, ಹೊಂಟೇ ಬಿಟ್ರು? ಮತ್ತೇನರ ಇಶ್ಯೂ ಐತೇನು?"

"ಇಲ್ಲವ್ವ," ಎಂದ ಬಸವಪ್ರಸಾದ. "ಇಲ್ಲದ್ದಕ್ಕ ಬ್ಯಾಡಂದ್ರು."