ಹಡಗು ಸಾಹುಕಾರರ ಬೂಟು

ಹೊಸ ಬೂಟು ಕಚ್ಚುತ್ತಿದೆ ಎಂದು ಹೆಂಡತಿಯ ಮುಂದೆ ಒಪ್ಪಿಕೊಂಡಿದ್ದರೆ ದರ್ಜಿಯ ಆ ದಿನ ಸುಖವಾಗಿ ಕಳೆಯುತ್ತಿತ್ತು. ಆದರೆ ಊರವರ ಸೊಂಟ, ತೋಳು, ಕುತ್ತಿಗೆಗಳನ್ನೆಲ್ಲ ಅಳೆದು ಹೆಸರು ಮಾಡಿದವನು, ತನ್ನದೇ ಪಾದದ ಅಳತೆ ತಪ್ಪಿತು ಎಂದು ಯಾವ ಬಾಯಲ್ಲಿ ಹೇಳಿಯಾನು? “ಒಂದು ಸೈಜು ದೊಡ್ಡದೇ ಇರ್ಲಿ ಕಣ್ರೀ” ಎಂದು ಅಂಗಡಿಯಲ್ಲಿ ಅವಳು ಹೇಳಿದಾಗ, “ಅಳತೆ ವಿಷಯ ನಂಗೇ ಹೇಳ್ಕೊಡ್ತೀಯಾ?” ಎಂದು ಬಾಯಿ ಮುಚ್ಚಿಸಿದ್ದ.

ಈಗ ಇಬ್ಬರೂ ಪ್ರವಾಸದ ಬಸ್ಸಿನಲ್ಲಿ ಹಳೆಯ ಬಂಗಲೆಗಳನ್ನು ನೋಡಲು ಬಂದಿದ್ದರು. ಮಕ್ಕಳು ಮರಿ ಯಾರೂ ಇಲ್ಲದೆ ಗಂಡ ಹೆಂಡತಿ ಇಬ್ಬರೇ ಹೊರಟದ್ದು ಎಷ್ಟೋ ವರ್ಷಗಳ ಮೇಲೆ. ಅವಳಿಗೆ ಗಿಡಗಳ ಹುಚ್ಚು. ಒಡೆದ ಬಕೆಟ್ಟು ಕಂಡರೂ ಮಣ್ಣು ತುಂಬುವವಳು. ಬೆಳಗಿನಿಂದ ಎರಡು ಬಂಗಲೆ, ಎರಡು ತೋಟ ಮುಗಿದಿದ್ದವು. ಅವಳು ಹೂವಿನಿಂದ ಹೂವಿಗೆ ಹಾರುತ್ತಿದ್ದರೆ, ಹಿಂದೆ ಇವನು ಕಾದ ಹಂಚಿನ ಮೇಲೆ ಬಿಟ್ಟ ಬೆಕ್ಕಿನಂತೆ ಹೆಜ್ಜೆ ಎತ್ತಿ ಎತ್ತಿ ಇಡುತ್ತಿದ್ದ.

“ಯಾಕ್ರೀ ಕುಂಟ್ತಿದೀರಾ?”

“ಯಾರು ಕುಂಟ್ತಿರೋದು? ನೆಲಾನೇ ಸರಿಯಿಲ್ಲ.”

ಮೂರನೆಯ ಬಂಗಲೆ ಹಿಂದಿನ ಕಾಲದ ಹಡಗು ಸಾಹುಕಾರನೊಬ್ಬನದು. ಅವನ ಮಂಚ, ಕುರ್ಚಿ, ಊರುಗೋಲು ಎಲ್ಲವನ್ನೂ ಇದ್ದ ಹಾಗೆಯೇ ಇಟ್ಟು, ಯಾರೂ ಮುಟ್ಟದಂತೆ ಅಡ್ಡ ಹಗ್ಗ ಕಟ್ಟಿದ್ದರು. ಹೊರಗೆ ಕಣ್ಣು ಹಾಯುವಷ್ಟು ದೂರ ತೋಟ. ಅದನ್ನು ಕಂಡೇ ದರ್ಜಿಯ ಎದೆ ಧಸಕ್ಕೆಂದಿತು.

“ನೀನು ಗುಲಾಬಿ ನೋಡ್ಕೊಂಡು ಬಾ. ನಾನಿಲ್ಲೇ ಪರದೆಗಳ ಹೊಲಿಗೆ ನೋಡ್ತಾ ಇರ್ತೀನಿ. ಇಂಥ ಕೈಹೊಲಿಗೆ ಈಗ ಎಲ್ಲಿ ಸಿಗತ್ತೆ!”

ಗಂಡನಿಗೂ ಕೊನೆಗೆ ಏನೋ ಒಂದು ಹಿಡಿಸಿತಲ್ಲ ಎಂದು ಅವಳು ಹಿಗ್ಗಿನಿಂದ ಹೋದಳು.

ಸಾಹುಕಾರನ ಮಲಗುವ ಕೋಣೆಯಲ್ಲಿ ನರಪಿಳ್ಳೆಯಿರಲಿಲ್ಲ. ದರ್ಜಿ ಬೂಟು ಕಳಚಿದ. ಎರಡೂ ಪಾದಗಳು ಜೈಲಿನಿಂದ ಬಿಟ್ಟ ಕೈದಿಗಳಂತೆ ನಿಟ್ಟುಸಿರು ಬಿಟ್ಟವು. ಯಾರ ಕಣ್ಣಿಗೂ ಬೀಳಬಾರದೆಂದು ಬೂಟನ್ನು ಹಗ್ಗದಡಿ ಮಂಚದ ಕೆಳಗೆ ತಳ್ಳಿ, ಪಕ್ಕದ ಪಡಸಾಲೆಯ ತಣ್ಣನೆಯ ಕಲ್ಲುನೆಲದ ಮೇಲೆ ಬರಿಗಾಲಲ್ಲಿ ನಡೆದು, ಕಿಟಕಿಯ ಕಟ್ಟೆಯ ಮೇಲೆ ಕುಳಿತ. ಗಾಳಿ ಹಿತವಾಗಿತ್ತು. ಕಣ್ಣು ಎಳೆಯಿತು.

ಎಚ್ಚರವಾದಾಗ ಒಳಗೆ ಜನರ ಗದ್ದಲ. ಇಣುಕಿ ನೋಡಿದರೆ, ಕಸ ಗುಡಿಸಲು ಬಂದವಳು ಯಾರೋ ಅವನ ಬೂಟನ್ನು ಒರೆಸಿ, ಮಂಚದ ಮುಂದಿನ ಚಾಪೆಯ ಮೇಲೆ ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದಳು. ಅದರ ಸುತ್ತ ಅವನ ಬಸ್ಸಿನವರೇ ಮುತ್ತಿಕೊಂಡಿದ್ದರು.

“ಸಾಹುಕಾರರು ಕೊನೇ ಸಲ ಹಡಗು ಹತ್ತಿದ್ದು ಇದೇ ಬೂಟಲ್ಲಿ” ಎಂದು ಹೊಸದಾಗಿ ಕೆಲಸಕ್ಕೆ ಸೇರಿದ ಗೈಡು ಬಾಯಿಗೆ ಬಂದದ್ದನ್ನು ಬಿಡುತ್ತಿದ್ದ.

ಬಸ್ಸಿನಲ್ಲಿದ್ದ ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿ, “ಚರ್ಮ ನೋಡಿ, ಹೇಗಿದೆ! ಇವತ್ತಿನ ಕಾಲದಲ್ಲಿ ಇಂಥ ಬೂಟು ಮಾಡೋಕಾಗತ್ತಾ?” ಎಂದರು. ನಾಲ್ಕೈದು ಜನ ಫೋಟೋ ತೆಗೆದರು.

ದರ್ಜಿ ಜನ ಸರಿಯಲಿ ಎಂದು ಕಾದ. ಸರಿಯಲಿಲ್ಲ. ಕೊನೆಗೆ ಗುಂಪಿನ ಕಾಲುಗಳ ನಡುವೆ ಕೂತು, ಹಗ್ಗದಡಿ ಮೆಲ್ಲನೆ ಕೈ ಚಾಚಿದ. ಬೆರಳಿಗೆ ಬೂಟಿನ ಲಾಡಿ ಸಿಕ್ಕಿತ್ತು, ಅಷ್ಟರಲ್ಲಿ ಭುಜ ತಾಗಿ ಹಗ್ಗಕ್ಕೆ ಕಟ್ಟಿದ್ದ ಗಂಟೆ ಬಡಿದುಕೊಂಡಿತು.

“ಕಳ್ಳ!” ಎಂದು ಗೈಡು ಕೂಗಿದ.

“ಛೇ, ನಮ್ಮ ಬಸ್ಸಿನವರೇ!” ಎಂದರು ಮೇಷ್ಟ್ರು, ಒಂದು ಹೆಜ್ಜೆ ದೂರ ಸರಿದು.

ಮೇಲ್ವಿಚಾರಕಿ ಓಡಿ ಬಂದರು. ಗಟ್ಟಿ ಮುಖದ ಹೆಂಗಸು. “ಏನ್ರೀ ಇದು?”

“ಅಮ್ಮಾ, ಅದು ನನ್ನ ಬೂಟು!”

“ನಿಮ್ಮದಾ? ಸರಿ ಹಾಗಾದ್ರೆ. ಹಾಕ್ಕೊಂಡು ತೋರ್ಸಿ.”

ಅಲ್ಲಿಗೆ ಮುಗಿಯಿತು. ಬೆಳಿಗ್ಗೆಯೇ ಗುದ್ದಾಡಿ ಒಳಗೆ ತೂರಿಸಿದ್ದ ಕಾಲು, ಬಿಡುಗಡೆಯ ಸಂತೋಷಕ್ಕೆ ಉಬ್ಬಿದ ಪೂರಿಯಂತಾಗಿತ್ತು. ದರ್ಜಿ ತಳ್ಳಿದ, ಎಳೆದ, ಒಂಟಿಕಾಲಲ್ಲಿ ಕೋಣೆಯೆಲ್ಲ ಕುಪ್ಪಳಿಸಿದ. ಹಿಮ್ಮಡಿ ಹೊರಗೇ ಉಳಿಯಿತು.

“ತೀರ್ಮಾನ ಆಯ್ತಲ್ಲ” ಎಂದರು ಮೇಷ್ಟ್ರು. “ಸಾಹುಕಾರರದ್ದು ಪುಟ್ಟ ಪಾದ.”

ಬೂಟು ತನ್ನದೆಂದು ಸಾಬೀತು ಮಾಡಲು ದರ್ಜಿಯ ಬಳಿ ಒಂದು ಗುರುತು ಇಲ್ಲದಿರಲಿಲ್ಲ. ಆದರೆ ಅದನ್ನು ಹೇಳುವುದಕ್ಕಿಂತ ಪೊಲೀಸರೇ ಬರಲಿ ಎನ್ನಿಸಿ, ಬೆವರು ಒರೆಸಿಕೊಂಡ.

ಪೊಲೀಸರಿಗಿಂತ ಮೊದಲೇ ಗದ್ದಲ ಕೇಳಿ ಹೆಂಡತಿ ಬಂದಳು. ಮುಡಿಯ ತುಂಬ ಉದುರಿದ ಎಸಳು, ಮುಖದ ತುಂಬ ಗಾಬರಿ. “ಅಯ್ಯೋ, ಇವ್ರು ಅಂಥವ್ರಲ್ಲ! ಕತ್ತರಿಸಿ ಉಳಿದ ಚೂರುಬಟ್ಟೇನೂ ಗಿರಾಕಿಗೆ ವಾಪಸ್ ಕೊಡೋ ಮನುಷ್ಯ. ಎಲ್ಲಿ, ಕೊಡಿ ಇಲ್ಲಿ ಆ ಬೂಟು!”

ಅವಳು ಬೂಟನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದಳು. ಕೈ ಹಾಕಿದಳು. ಹಿಮ್ಮಡಿಗೆ ಒತ್ತಬಾರದೆಂದು ಒಳಗೆ ನೀಟಾಗಿ ಹೊಲಿದಿದ್ದ ಪುಟ್ಟ ಮೆತ್ತೆಯೊಂದು ಬೆರಳಿಗೆ ಸಿಕ್ಕಿತು. ನವಿಲುಬಣ್ಣದ ರೇಷ್ಮೆ, ಅಂಚಿನಲ್ಲಿ ಬೆಳ್ಳಿಯ ಚುಕ್ಕಿ.

“ರೀ” ಎಂದಳು ನಿಧಾನವಾಗಿ. “ಇದು ನಮ್ಮಕ್ಕ ಕೊಟ್ಟಿದ್ದ ರವಿಕೆ ಬಟ್ಟೆ ಅಲ್ವಾ? ಇಲಿ ಕಡಿದುಬಿಡ್ತು ಅಂದ್ರಲ್ಲ?”

ದರ್ಜಿ ಸಾಹುಕಾರನ ಮಂಚದ ಕೆತ್ತನೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

“ಬೂಟು ಇವರದೇ ಅಮ್ಮಾ” ಎಂದು ಅವಳು ಮೇಲ್ವಿಚಾರಕಿಯ ಕಡೆ ತಿರುಗಿದಳು. “ಈ ಹೊಲಿಗೆ ಇವರದು, ಬಟ್ಟೆ ನನ್ನದು.”

ಮೇಲ್ವಿಚಾರಕಿಯ ಮುಖ ಕೆಂಪಾಯಿತು. ಗೈಡು ಜನರ ಹಿಂದೆ ಕರಗಿಹೋದ. ಮೇಷ್ಟ್ರು, “ನಂಗೆ ಮೊದ್ಲೇ ಅನುಮಾನ ಇತ್ತು, ಇಷ್ಟು ಹೊಸಾ ಚರ್ಮ!” ಎಂದರು.

“ದೊಡ್ಡ ತಪ್ಪಾಯ್ತು, ಕ್ಷಮಿಸ್ಬೇಕು” ಎಂದು ಮೇಲ್ವಿಚಾರಕಿ ಕೈಮುಗಿದರು. “ಇದಕ್ಕೆ ಏನಾದ್ರೂ ಮಾಡ್ಲೇಬೇಕು. ಗುಡ್ಡದ ಮೇಲೆ ಸಾಹುಕಾರರ ಖಾಸಗಿ ತೋಟ ಇದೆ. ಎಲ್ಲೂ ಸಿಗದ ಹೂಗಳಿವೆ. ಯಾರನ್ನೂ ಬಿಡಲ್ಲ. ನಿಮ್ಮಿಬ್ಬರಿಗೆ ಮಾತ್ರ ತೆರೆಸ್ತೀನಿ.”

ಹೆಂಡತಿಯ ಕಣ್ಣುಗಳು ದೀಪದಂತೆ ಹೊತ್ತಿಕೊಂಡವು.

“ಗುಡ್ಡಕ್ಕೆ... ಗಾಡಿ ಹೋಗತ್ತಾ?” ಎಂದ ದರ್ಜಿ, ಕ್ಷೀಣವಾಗಿ.

“ಇಲ್ಲ, ಮೆಟ್ಟಿಲು. ಬಂಡೆ ಕಡಿದು ಮಾಡಿದ್ದು. ಸ್ವಲ್ಪ ಚೂಪಾಗಿವೆ, ಬೂಟು ಹಾಕ್ಕೊಂಡೇ ಹತ್ಬೇಕು. ನಿಮಗೆ ಕಷ್ಟ ಆಗತ್ತೇನೋ?”

ದರ್ಜಿ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಅವನ ತೋಳು ಹಿಡಿದಾಗಿತ್ತು. ಅಷ್ಟು ಮುದ್ದಾಗಿ ಅವಳು ನಕ್ಕು ಬಹಳ ಕಾಲವಾಗಿತ್ತು.

“ಕಷ್ಟ ಯಾಕಮ್ಮಾ, ತುದೀವರೆಗೂ ಹತ್ತುತ್ತಾರೆ” ಎಂದಳು. “ರೇಷ್ಮೆ ಮೇಲೇ ನಡೀತಾರಲ್ಲ.”